ಪೆಟ್ಟಿಗೆಯೊಳಗಿನ ನೀರು

ಕರೆಂಟಿನ ಪೆಟ್ಟಿಗೆಯೊಳಗೆ ನೀರು ಹರಿಸುತ್ತೇನೆ ಅಂದಾಗ ನಂಜನಗೂಡಿನಲ್ಲಿ ನನ್ನನ್ನು ಬಲ್ಲವರೆಲ್ಲ ನಕ್ಕಿದ್ದರು. ಮನೆ ಓನರ್ ಅಂತೂ ಬಾಗಿಲಿಗೇ ಬಂದು, "ಶಾಕ್ ಒಡುದ್ರೆ ನಾನು ಜವಾಬ್ದಾರಿ ಅಲ್ಲ ಕಣಮ್ಮ" ಎಂದು ಹೇಳಿ ಹೋದರು. ನನಗೆ ನಗು ಬರಲಿಲ್ಲ. ನನಗೆ ಆ ಪೆಟ್ಟಿಗೆಯ ಬಾಯಿ ಮುಚ್ಚಿಸಬೇಕಿತ್ತು. ಅದು ಬಾಯಿ ಮುಚ್ಚಿದರೆ ಮಾತ್ರ ಅಪ್ಪನ ಮಾತು ಕೇಳಿಸುತ್ತಿತ್ತು, ಮತ್ತು ಅಪ್ಪನ ಮಾತು ಇನ್ನು ಹೆಚ್ಚು ದಿನ ಇರುವಂಥದ್ದಲ್ಲ ಎಂದು ಡಾಕ್ಟರು ಹೇಳಿದ್ದರು.

ನಾನು ಮದುವೆ ವಿಡಿಯೊ ಎಡಿಟ್ ಮಾಡಿ ಬದುಕುವವಳು. ಫೋಟೊಗ್ರಾಫರುಗಳು ಚಪ್ಪರದಿಂದ ಹಿಡಿದು ಆರತಕ್ಷತೆಯ ತನಕ ಎಲ್ಲವನ್ನೂ ಗಂಟೆಗಟ್ಟಲೆ ಹಿಡಿದು ತಂದು ನನ್ನ ತಲೆಗೆ ಕಟ್ಟುತ್ತಾರೆ. ಬೀಗರು ಮುಖ ಗಂಟು ಹಾಕಿಕೊಂಡದ್ದು, ಊಟದ ಪಂಕ್ತಿಯಲ್ಲಿ ಜಗಳ ಹತ್ತಿದ್ದು, ಮದುಮಗ ಆಕಳಿಸಿದ್ದು, ಇವನ್ನೆಲ್ಲ ಕತ್ತರಿಸಿ ಹಾಡು ಸೇರಿಸಿ, ಎಲ್ಲರೂ ಸುಖವಾಗಿದ್ದಾರೆ ಎಂದು ತೋರಿಸುವುದು ನನ್ನ ಕೆಲಸ. ಗಂಡನ ಮನೆ ಬಿಟ್ಟು ಬಂದವಳಿಗೆ ಇದಕ್ಕಿಂತ ತಮಾಷೆಯ ಕಸುಬು ಸಿಗಲಾರದು. ಬಾಡಿಗೆ ಮನೆ, ಒಂದು ಹಾಲು, ಒಂದು ಅಡುಗೆಮನೆ. ಹಾಲಿನ ಗೋಡೆಗೆ ನನ್ನ ಮೇಜು. ಅಪ್ಪನನ್ನು ಕರೆತಂದ ಮೇಲೆ ಅದರ ಹಿಂದೆಯೇ ಅಪ್ಪನ ಮಂಚ. ನಾನು ಕೆಲಸಕ್ಕೆ ಕೂತರೆ ನನ್ನ ಬೆನ್ನು ಅಪ್ಪನ ಕಡೆಗೆ.

ಅಪ್ಪ ಟಿ. ನರಸೀಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನೀರುಗಂಟಿ ಆಗಿದ್ದವನು. ಹಳ್ಳಿಯ ಹೆಸರು ಬೇಡ, ಯಾಕೆ ಬೇಡ ಅನ್ನುವುದು ಮುಂದೆ ಗೊತ್ತಾಗುತ್ತದೆ. ಮೋಟಾರು ಹಾಕಿ ಹೊಳೆಯ ನೀರನ್ನು ಓವರ್‌ಹೆಡ್ ಟ್ಯಾಂಕಿಗೆ ಏರಿಸುವುದು, ಬ್ಲೀಚಿಂಗ್ ಪೌಡರ್ ಕಲಸಿ ಸುರಿಯುವುದು, ಬೀದಿ ಬೀದಿಗೂ ಸರದಿಯ ಮೇಲೆ ವಾಲ್ವ್ ತಿರುಗಿಸಿ ನೀರು ಬಿಡುವುದು. ಇಷ್ಟೇ ಕೆಲಸ, ಆದರೆ ಊರಿನ ಬೈಗುಳವೆಲ್ಲ ಅವನಿಗೇ. ಬೀಡಿ ಸೇದಿ ಸೇದಿ ಗಂಟಲಿಗೆ ಹುಣ್ಣು ತಂದುಕೊಂಡ. ಮೈಸೂರಿನ ಆಸ್ಪತ್ರೆಯಲ್ಲಿ ಹುಣ್ಣು ಸುಡಲು ಕರೆಂಟು, ಅಂದರೆ ರೇಡಿಯೇಶನ್, ಕೊಡಿಸಿದ್ದಾಯಿತು. ಕೊನೆಗೆ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದು, "ಮಾತು ಇರೋವರೆಗೂ ಮಾತಾಡಿಸಿ" ಅಂದರು. ಅದರ ಮೇಲೆ ಕೇಳುವುದಕ್ಕೆ ಏನಿತ್ತು? ಅಪ್ಪನನ್ನು ಕರೆದುಕೊಂಡು ಬಂದುಬಿಟ್ಟೆ.

ಆಗ ಅಪ್ಪನ ದನಿ ಎಂದರೆ ಜರಡಿಯಲ್ಲಿ ರಾಗಿಹಿಟ್ಟು ಆಡಿಸಿದಷ್ಟು ಸದ್ದು. ಆ ಪೆಟ್ಟಿಗೆ ಅಂದರೆ ನನ್ನ ಕಂಪ್ಯೂಟರು; ಕತ್ತರಿಸಿ ಜೋಡಿಸಿದ ವಿಡಿಯೊವನ್ನು ಒಂದೇ ಫೈಲು ಮಾಡಲು ರೆಂಡರ್‌ಗೆ ಹಾಕಿದರೆ ಸಾಕು, ಒಳಗಿನ ಫ್ಯಾನುಗಳೆಲ್ಲ ಎದ್ದು ಅಕ್ಕಿ ಗಿರಣಿಯಂತೆ ಬಡಿದುಕೊಳ್ಳುತ್ತಿದ್ದವು. ಬೇಸಿಗೆಯಲ್ಲಿ ಕೇಳುವುದೇ ಬೇಡ. ಅಪ್ಪ ಏನೋ ಅನ್ನುತ್ತಿದ್ದ. ನಾನು ತಿರುಗಿ, "ಏನಪ್ಪ?" ಅನ್ನುತ್ತಿದ್ದೆ. ಮತ್ತೆ ಅನ್ನುತ್ತಿದ್ದ. ನಾನು ಎದ್ದು ಹೋಗಿ ಬಾಯಿಯ ಹತ್ತಿರ ಕಿವಿ ಇಟ್ಟು, "ಏನಂದೆ?" ಅನ್ನುವಷ್ಟರಲ್ಲಿ ಅವನಿಗೆ ಸಾಕಾಗಿ ಕೈ ಆಡಿಸುತ್ತಿದ್ದ: ಬುಡು. ಆ ಕೈ ಆಡಿಸುವುದು ನನ್ನ ಎದೆಗೆ ಬಡಿಯುತ್ತಿತ್ತು. ಇರುವುದೇ ಒಂದು ಹಿಡಿ ಮಾತು, ಅದನ್ನೂ ಈ ಹಾಳು ಡಬ್ಬ ತಿಂದು ತೇಗುತ್ತಿದೆಯಲ್ಲ ಎಂದು ಮೈ ಉರಿಯುತ್ತಿತ್ತು. ಅದನ್ನು ಅಡುಗೆಮನೆಗೆ ಸಾಗಿಸಿದರೆ ಅಪ್ಪ ಕಣ್ಣಿಗೆ ಬೀಳುವುದಿಲ್ಲ. ಕೆಮ್ಮು ಕಟ್ಟಿಕೊಂಡರೆ ಗೊತ್ತಾಗುವುದಿಲ್ಲ. ಆರಿಸಿ ಕೂತರೆ ಇಬ್ಬರ ಹೊಟ್ಟೆಗೂ ಇಲ್ಲ.

ನೀರಿನಿಂದ ತಣ್ಣಗೆ ಮಾಡುವ ಕಿಟ್ ಬಗ್ಗೆ ಮೈಸೂರಿನ ಫೋಟೊಗ್ರಾಫರ್ ಒಬ್ಬ ಹೇಳಿದ. ಕಂಪ್ಯೂಟರಿನೊಳಗೆ ಬಿಸಿಯಾಗುವ ಚಿಪ್ ಮೇಲೆ ಒಂದು ತಾಮ್ರದ ಬಿಲ್ಲೆ ಕೂರಿಸುವುದು, ಅದರೊಳಗೆ ಸಣ್ಣ ಪಂಪಿನಿಂದ ನೀರು ಹರಿಸುವುದು; ಬಿಸಿಯಾದ ನೀರು ಪೈಪಿನಲ್ಲಿ ಹೋಗಿ, ಬೈಕಿಗೆ ಇರುತ್ತದಲ್ಲ, ಅಂಥದೇ ಒಂದು ರೇಡಿಯೇಟರಿನಲ್ಲಿ ಆರಿ ಮತ್ತೆ ವಾಪಸು ಬರುವುದು. ಫ್ಯಾನು ಇದ್ದರೂ ಅಗಲವಾದವು, ನಿಧಾನಕ್ಕೆ ತಿರುಗಿದರೆ ಸಾಕು, ಸದ್ದಿಲ್ಲ. ಆನ್‌ಲೈನಿನಲ್ಲಿ ಕೈಗೆಟುಕಿದ ಕಿಟ್ ತರಿಸಿದೆ. ವಿಡಿಯೊ ನೋಡಿ ನೋಡಿ ಬಾಯಿಪಾಠ ಮಾಡಿಕೊಂಡೆ.

ಪೆಟ್ಟಿಗೆಯನ್ನು ನೆಲದ ಮೇಲೆ ಮಲಗಿಸಿ ಬಿಚ್ಚುತ್ತಿದ್ದಾಗ ಅಪ್ಪ ಮಂಚದ ಅಂಚಿಗೆ ಬಂದು ಕೂತ. ಎಷ್ಟೋ ದಿನಗಳಿಂದ ಗೋಡೆ ನೋಡುತ್ತಿದ್ದವನ ಮುಖಕ್ಕೆ ಆವತ್ತು ಕಳೆ ಬಂದಿತ್ತು. ಪೆಟ್ಟಿಗೆ ಆರಿಸಿದ್ದೆನಾದ್ದರಿಂದ ಅವನ ಮಾತು ನೆಟ್ಟಗೆ ಕೇಳಿಸಿತು.

"ಇದ್ರೊಳಕ ನೀರ್ ಬುಡ್ತೀಯಾ?"

"ಹೂಂ ಕಣಪ್ಪ."

"ಯಾವ್ ನೀರು?"

"ಬ್ಯಾಟ್ರಿಗೆ ಹಾಕ್ತಾರಲ್ಲ, ಆ ನೀರು. ಉಪ್ಪು ಗಿಪ್ಪು ಏನೂ ಇರಲ್ಲ."

ಅಪ್ಪ ಯೋಚನೆ ಮಾಡಿದ. "ಒಸಾ ನೀರು ಬತ್ತಾ ಇರ್ತದಾ?"

"ಇಲ್ಲ. ಅದೇ ನೀರು ಸುತ್ತುತಾ ಇರ್ತದೆ."

"ಅಂಗಾರ ನಿಂತ್ ನೀರೇ ಕಣವ್ವ."

"ಸುತ್ತೋ ನೀರು ನಿಂತ ನೀರು ಹೆಂಗಾಗ್ತದಪ್ಪ?" ಎಂದು ನಾನು ಸ್ಕ್ರೂ ಹುಡುಕತೊಡಗಿದೆ. ಅಪ್ಪ ತಲೆ ಅಲ್ಲಾಡಿಸಿದ. ಅವನ ಲೆಕ್ಕವೇ ಬೇರೆ: ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋದರೆ ಅದು ಹರಿಯುವ ನೀರು. ಹೊರಗೆ ಹೋಗದೇ ಇದ್ದರೆ ಎಷ್ಟು ಕುಣಿದರೂ ಅದು ನಿಂತ ನೀರೇ. ಅವನ ಟ್ಯಾಂಕಿನ ನೀರಿನ ಹಾಗೆ.

ಪೈಪು ಕತ್ತರಿಸಿದ್ದು ನಾನು. ಅದನ್ನು ಬಿಸಿನೀರಿನಲ್ಲಿ ಅದ್ದಿ ಮೂತಿಗೆ ಸಿಕ್ಕಿಸಿ ಕ್ಲಿಪ್ ಬಿಗಿದದ್ದು ಅಪ್ಪ. ನಾನು ಬೇಡವೆಂದರೂ ಬಿಡಲಿಲ್ಲ. ಒಂದು ಕಡೆ ಕ್ಲಿಪ್ಪನ್ನು ಅತಿಯಾಗಿ ಬಿಗಿದು ಪೈಪು ಕತ್ತರಿಸಿಯೇಬಿಟ್ಟ. ನಾನು, "ಇದು ನಿನ್ನ ಮೇನ್ ಲೈನ್ ಅಲ್ಲ ಕಣಪ್ಪ, ಕೂಸಿನ ಕೈ ಹಿಡಿದಂಗೆ ಹಿಡೀಬೇಕು" ಎಂದು ರೇಗಿದೆ. ಅವನು ಹಲ್ಲಿಲ್ಲದ ಬಾಯಲ್ಲಿ ನಕ್ಕ. ಗಾಜಿನ ಕೊಳವೆಯಂಥ ಸಣ್ಣ ಟ್ಯಾಂಕಿಗೆ ಬ್ಯಾಟರಿ ನೀರು ತುಂಬಿ, ಜಾಯಿಂಟುಗಳ ಕೆಳಗೆಲ್ಲ ಹಳೇ ಪೇಪರ್ ಹಾಸಿ, ಬೇರೆ ಯಾವುದಕ್ಕೂ ಕರೆಂಟು ಕೊಡದೆ ಪಂಪಿಗೆ ಮಾತ್ರ ಕೊಟ್ಟು ನೋಡಬೇಕು. ಆನ್ ಮಾಡಲು ಹೋದವಳ ಕೈ ಹಿಡಿದು ಅಪ್ಪ ದೇವರ ಪಟದ ಕಡೆ ತೋರಿಸಿದ. ಮೋಟಾರಿಗೆ ಕುಂಕುಮ ಇಡದೆ ಅವನು ಯಾವತ್ತೂ ಹೊಸ ನೀರು ಎತ್ತಿದವನಲ್ಲ. ಬೆಂಕಿಪೊಟ್ಟಣದಷ್ಟಿದ್ದ ಆ ಪಂಪಿಗೆ ಬೊಟ್ಟು ಇಟ್ಟೆ. ನೀರು ಗುಳುಗುಳು ಅಂದು ಪೈಪುಗಳಲ್ಲಿ ಏರಿತು. ಪೇಪರ್ ಒದ್ದೆಯಾಗಲಿಲ್ಲ. ಪೆಟ್ಟಿಗೆಯನ್ನು ಇಬ್ಬರೂ ಹಿಡಿದು ಆ ಕಡೆ ಈ ಕಡೆ ವಾಲಿಸಿ, ಒಳಗೆ ಸಿಕ್ಕಿಕೊಂಡ ಗಾಳಿಯನ್ನೆಲ್ಲ ಹೊರಡಿಸಿದೆವು.

ಆಮೇಲೆ ಎಲ್ಲ ಜೋಡಿಸಿ ಒಂದು ಮದುವೆಯನ್ನು ರೆಂಡರ್‌ಗೆ ಹಾಕಿದೆ. ಮನೆಯಲ್ಲಿ ಸದ್ದೇ ಇಲ್ಲ. ಹೊರಗೆ ಯಾರೋ ಚಪ್ಪಲಿ ಎಳೆದುಕೊಂಡು ಹೋದದ್ದು ಕೇಳಿಸಿತು. ಬೆನ್ನ ಹಿಂದಿನಿಂದ ಅಪ್ಪ, "ಸತ್ತೋಯ್ತಾ ಅದು?" ಅಂದ. ತಿರುಗದೆಯೇ ಕೇಳಿಸಿತು. ನನಗೆ ಅಳು ಬಂತು.

ಅಲ್ಲಿಂದ ಕೆಲವು ವಾರ ಅಪ್ಪ ಮಾತಾಡಿದ. ಮೊದಮೊದಲು ಹಾಳೂ ಮೂಳೂ ಮಾತು: ಯಾವ ಬೀದಿಯ ಹೆಂಗಸು ನೀರು ಬಿಡುವುದು ತಡವಾದರೆ ಅವನ ಮೇಲೆ ಕೊಡ ಎತ್ತಿಕೊಂಡು ಬರುತ್ತಿದ್ದಳು, ತೀರಿಕೊಂಡ ಅವ್ವನನ್ನು ಹೆಣ್ಣು ನೋಡಲು ಹೋದಾಗ ಅವನು ತೊಟ್ಟ ಅಂಗಿ ಯಾರದಾಗಿತ್ತು. ನಾನು ಕೆಲಸ ಮಾಡುತ್ತಲೇ ಹೂಂಗುಟ್ಟುತ್ತಿದ್ದೆ. ಬೆಳಿಗ್ಗೆ ಕಾಫಿ ಕುಡಿದವನೇ ಗೋಡೆ ಹಿಡಿದುಕೊಂಡು ಪೆಟ್ಟಿಗೆಯ ಹತ್ತಿರ ಬಂದು, ಪಕ್ಕದ ಗಾಜಿನಲ್ಲಿ ಕಣ್ಣಿಟ್ಟು ನೀರಿನ ಮಟ್ಟ ನೋಡುತ್ತಿದ್ದ. "ಡ್ಯೂಟಿ ಆಯ್ತಾ?" ಅಂದರೆ, "ಆಯ್ತು" ಅನ್ನುತ್ತಿದ್ದ.

ಆಮೇಲೆ ಒಂದು ಬೆಳಿಗ್ಗೆ, ನಾನು ಕೇಳದೆಯೇ, ತಾನು ನೀರುಗಂಟಿಯಾಗಿದ್ದಾಗಿನ ಒಂದು ಮಳೆಗಾಲದ ವಿಷಯ ತೆಗೆದ. ಒಂದೇ ಸಲಕ್ಕೆ ಹೇಳಲಿಲ್ಲ. ಉಸಿರು ಸಾಲದೆ ನಿಲ್ಲಿಸುತ್ತಿದ್ದ, ಮಾರನೇ ದಿನ ಅಲ್ಲಿಂದಲೇ ಎತ್ತಿಕೊಳ್ಳುತ್ತಿದ್ದ. ಹೊಳೆ ಕೆಂಪಗೆ ಬರುತ್ತಿತ್ತಂತೆ. ಬ್ಲೀಚಿಂಗ್ ಪೌಡರ್ ಮೂಟೆ ಮುಗಿದಿತ್ತು. ಪಂಚಾಯ್ತಿಯಲ್ಲಿ ಕೇಳಿದರೆ ನಾಳೆ ಬರುತ್ತದೆ, ನಾಡಿದ್ದು ಬರುತ್ತದೆ ಅಂದರು. ಜನ ನೀರಿಲ್ಲ ಎಂದು ಮನೆ ಬಾಗಿಲಿಗೆ ಬಂದರು. ಅಪ್ಪ ವಾಲ್ವ್ ತಿರುಗಿಸಿದ. ಊರ ಕೆಳಗಿನ ಬೀದಿಯಲ್ಲಿ ವಾಂತಿ ಭೇದಿ ಹತ್ತಿತು. ಒಂದು ಪುಟ್ಟ ಹುಡುಗಿ, ದಿನಾ ನಲ್ಲಿಗೆ ಆಟದ ಬಿಂದಿಗೆ ಹಿಡಿದುಕೊಂಡು ಬರುತ್ತಿದ್ದದ್ದು, ನರಸೀಪುರದ ಆಸ್ಪತ್ರೆಗೆ ಸಾಗಿಸುವಾಗ ಟೆಂಪೊದಲ್ಲೇ ಹೋಯಿತು.

"ಪೌಡ್ರಿಲ್ದೆ ನಾನೇ ಬುಟ್ಟಿದ್ದು ಅಂತ ಯೋಳಕ್ಕ ಓಗಿದ್ದಿ ಕಣವ್ವ," ಅಂದ ಅಪ್ಪ. "ಪಂಚಾಯ್ತೋರು ಯೋಳಕ್ಕ ಬುಡ್ನಿಲ್ಲ. ಪೈಪ್ ಒಡ್ದಿತ್ತು, ಚರಂಡಿ ನೀರು ಸೇರ್ಕತ್ತು ಅನ್ನು, ನಿನ್ ಕೆಲ್ಸ ಉಳೀತದ ಅಂದ್ರು. ಆ ಕೂಸ್ನವ್ವಂಗೂ ಅಂಗೇ ಯೋಳುದ್ರು."

ಮೌಸ್ ಮೇಲಿದ್ದ ನನ್ನ ಕೈ ಹಾಗೇ ಇತ್ತು.

"ಆಯಮ್ಮ ಆಮೇಕು ನಲ್ಲಿ ತಾವ ಸಿಕ್ದಾಗೆಲ್ಲ ಮಜ್ಜಿಗೆ ಕೊಡಳು. ಬಿಸ್ಲಲ್ಲಿ ತಿರುಗ್ತೀಯ, ಕುಡಿ ಅಣ್ಣ ಅನ್ನಳು. ನಾನು ಕುಡೀತಿದ್ದಿ."

ಕೊನೆಗೆ, "ಒಂದ್ ಮಾತು ಯೋಳುಬುಟ್ಟಿದ್ರ ಆಯ್ತಿತ್ತು" ಅಂದ. ಇಷ್ಟು ವರ್ಷ ಅದನ್ನು ಅವ್ವನಿಗೂ ಹೇಳಿರಲಿಲ್ಲವಂತೆ. ನಾನು ಎದ್ದು ಹೋಗಿ ಗಂಜಿ ಬಿಸಿ ಮಾಡಿದೆ.

ಅದಾದ ಮೇಲೆ ಒಂದು ದಿನ ಮದುವೆಯೊಂದರ ಹಾರ್ಡ್ ಡಿಸ್ಕ್ ತರಲು ಬಸ್ಸು ಹತ್ತಿ ಸೋಸಲೆಗೆ ಹೋಗಿದ್ದೆ. ವಾಪಸು ಬರುವಷ್ಟರಲ್ಲಿ ಅಪ್ಪ ಸುಸ್ತಾಗಿ ಮಲಗಿದ್ದ. ನೆಲದ ಮೇಲೆ ಎರಡು ಹನಿ ನೀರು ಇತ್ತು, ಒರೆಸಿದೆ. ಕುಡಿಯುವಾಗ ಚೆಲ್ಲಿಕೊಂಡಿರಬೇಕು ಅಂದುಕೊಂಡೆ.

ದಿನ ಕಳೆದಂತೆ ಪೆಟ್ಟಿಗೆಯೊಳಗಿನ ಪೈಪಿನ ನೀರು ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ತಿರುಗಿತು. ಅಗ್ಗದ ಪೈಪು, ಮಸುಕಾಗುತ್ತದೆ ಎಂದು ಯಾರೋ ಬರೆದದ್ದನ್ನು ಓದಿದ್ದೆ. ಕೈಯಲ್ಲಿ ಕೆಲಸವೂ ಇತ್ತು, ಬಿಟ್ಟೆ. ಹೆಮ್ಮಿಗೆಯ ಒಂದು ಮದುವೆ. ಬೀಗರ ಔತಣದ ದಿನ ಮನೆಯ ಮುಂದೆ ದೊಡ್ಡ ಟಿವಿ ಇಟ್ಟು ಎಲ್ಲರಿಗೂ ತೋರಿಸಬೇಕೆಂದು ಮದುಮಗನ ಅಣ್ಣ ಗಂಟು ಬಿದ್ದಿದ್ದ. ಔತಣದ ಹಿಂದಿನ ದಿನ ಮಧ್ಯಾಹ್ನ ರೆಂಡರ್ ನಡೆಯುತ್ತಿರುವಾಗಲೇ ಯಂತ್ರ ಕಾದು ಕಾದು, ತೆರೆ ಒಮ್ಮೆ ಮಿನುಗಿ ಆರಿಹೋಯಿತು. ಪಕ್ಕದ ಗಾಜು ತೆಗೆದೆ. ರೇಡಿಯೇಟರಿನ ಮೂಲೆಯಿಂದ ನೀರು ಒಸರಿ, ಕೆಳಗಿದ್ದ, ತೆರೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡಿನ ಮೇಲೆ ತೊಟ್ಟಿಕ್ಕಿತ್ತು. ಸಣ್ಣ ಟ್ಯಾಂಕಿನ ಮುಚ್ಚಳ ತಿರುಗಿಸಿದೆ.

ವಾಸನೆ ಬಂತು. ಅದು ಅಪ್ಪನ ಖಾಕಿ ಅಂಗಿಯ ವಾಸನೆ. ನಾನು ಚಿಕ್ಕವಳಾಗಿದ್ದಾಗ ಸಂಜೆ ಅವನು ನನ್ನನ್ನು ಎತ್ತಿಕೊಂಡರೆ ಮೂಗಿಗೆ ಅಡರುತ್ತಿದ್ದ ವಾಸನೆ. ಬಿಸಿಯಾಗುವ ಚಿಪ್ ಮೇಲಿದ್ದ ತಾಮ್ರದ ಬಿಲ್ಲೆ ಬಿಚ್ಚಿದರೆ ಒಳಗಿನ ಗೆರೆಗಳಲ್ಲೆಲ್ಲ ಸುಣ್ಣದಂಥ ಬಿಳಿ, ಅಂಚಿನಲ್ಲಿ ಹಸಿರು ಕಿಲುಬು. ನಮ್ಮ ಮನೆಯ ನೆಲದಡಿಯ ನೀರಿನ ತೊಟ್ಟಿಗೆ ಹಾಕಲು ಬಚ್ಚಲಿನಲ್ಲಿ ಬ್ಲೀಚಿಂಗ್ ಪೌಡರ್ ಪೊಟ್ಟಣ ಇಟ್ಟಿದ್ದೆ. ಹೋಗಿ ನೋಡಿದೆ. ನಾನು ರಬ್ಬರ್ ಬ್ಯಾಂಡ್ ಹಾಕಿದ್ದೆ. ಈಗ ದಾರ ಸುತ್ತಿ ಕಟ್ಟಿತ್ತು, ಅಪ್ಪ ಎಲ್ಲದಕ್ಕೂ ಹಾಕುವ ಗಂಟು.

ಹಾಲಿಗೆ ಬಂದಾಗ ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. "ಕೆಟ್ಟೋಯ್ತಾ?" ಅಂದ. ನಾನು, "ಕೆಟ್ಟಿತು ಕಣಪ್ಪ, ಸರಿಯಾಗ್ತದೆ" ಅಂದೆ. ಅವನು ಬಿಳಿ ಮೆತ್ತಿದ ಆ ಬಿಲ್ಲೆಯನ್ನು ನೋಡಿದ, ಗೋಡೆಯ ಕಡೆ ತಿರುಗಿದ. ಅವನಿಗೆ ಗೊತ್ತಾಯಿತು.

ನನಗೆ ಸಿಟ್ಟು ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಕುಕ್ಕಿದೆ. ಆದರೆ ಯಾರ ಮೇಲೆ ಸಿಟ್ಟು ಮಾಡಲಿ? ಪೌಡರ್ ಹಾಕದ ನೀರನ್ನು ಒಂದು ಸಲ ಬಿಟ್ಟು ಜೀವಮಾನವಿಡೀ ಬೆಂದವನು, ಈ ಸಲ ಮರೆಯದೆ ಹಾಕಿದ್ದ. ಮಗಳ ಮನೆಯಲ್ಲಿ ನಿಂತ ನೀರು ಇದೆ ಎಂದು, ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗಿ ಬಂದು ಹಾಕಿದ್ದ.

ಮಾರನೆಯ ದಿನ ಔತಣದ ಹೊತ್ತಿಗೆ ವಿಡಿಯೊ ಸಿಗಲಿಲ್ಲ. ಅದರ ಮಾರನೆಯ ದಿನ ಮದುಮಗನ ಅಣ್ಣ ಬೈಕಿನಲ್ಲಿ ಬಂದವನೇ, ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಶುರುಮಾಡಿದ. "ಏನಮ್ಮ, ಅಳ್ಳಿಯೋರು ಅಂತ ಆಟ ಆಡುಸ್ತೀಯಾ? ನೆಂಟ್ರು ಮುಂದ ನಮ್ ಮರ್ವಾದಿ ಓಯ್ತಲ್ಲ! ಕಂಪ್ಯೂಟ್ರುಗ ನೀರ್ ಬುಟ್ಟಿದ್ದೀಯಂತೆ, ಊರೆಲ್ಲ ನಗ್ತಾವ್ರ. ಏನಾಗಿತ್ತು, ಯೋಳು ಮತ್ತ?"

"ಕಂಪನಿ ಮಾಲು ಸರಿ ಇರಲಿಲ್ಲ ಕಣಣ್ಣ. ಪೈಪು ಒಡೀತು," ಅಂದೆ.

ಹೇಳಿದ್ದು ಅಷ್ಟೇ. ಬಾಯಿಗೆ ಬಂದ ಮೊದಲ ಮಾತು ಅದು. ಹಿಂದೆ ಮಂಚ ಕಿರುಗುಟ್ಟಿತು. ಅಪ್ಪ ಎದ್ದು ಕೂತಿದ್ದ, ಒಂದು ಕೈ ಮೇಲೆತ್ತಿದ್ದ. "ನಾನು..." ಅಂದ. "ನೀರ್ಗ... ನಾನು..."

ಯಂತ್ರ ಸತ್ತಿತ್ತು; ಮನೆ ತಣ್ಣಗಿತ್ತು. ನನಗೆ ಪ್ರತಿ ಅಕ್ಷರ ಕೇಳಿಸಿತು. ಬಾಗಿಲಲ್ಲಿದ್ದವನಿಗೆ ಕೇಳಿಸಲಿಲ್ಲ. "ಏನಂತೆ ಯಜಮಾನ್ರುಗ?" ಎಂದು ಕೇಳಿದ.

"ನೀರು ಬೇಕಂತೆ," ಅಂದೆ.

ಹೋಗಿ ಲೋಟದಲ್ಲಿ ನೀರು ತಂದು ಅಪ್ಪನ ಮುಂದೆ ಹಿಡಿದೆ. ಅಪ್ಪ ಲೋಟ ನೋಡಿದ, ನನ್ನನ್ನು ನೋಡಿದ. ತೆಗೆದುಕೊಳ್ಳಲಿಲ್ಲ. ಮಲಗಿಬಿಟ್ಟ. ಬಂದವನಿಗೆ ಕಾಯಿಲೆಯವರ ಮುಂದೆ ಕೂಗಾಡಿದ್ದಕ್ಕೆ ನಾಚಿಕೆಯಾಯಿತೋ ಏನೋ, "ನಿಧಾನಕ್ಕ ಕೊಡು, ಪರವಾಗಿಲ್ಲ" ಎಂದು ಹೊರಟುಹೋದ.

ಆ ದಿನದಿಂದ ಅಪ್ಪ ನನ್ನ ಹತ್ತಿರ ಮಾತಾಡಲಿಲ್ಲ. ದನಿ ಹೋಗಿರಲಿಲ್ಲ, ಕೆಮ್ಮಿದಾಗ, ನರಳಿದಾಗ ಗೊತ್ತಾಗುತ್ತಿತ್ತು. ನಾನು ಕಾಲ ಬಳಿ ಕೂತು, "ಅಪ್ಪಾ, ಬಯ್ಯಿ ಬೇಕಾದ್ರೆ" ಅಂದೆ. ಕೈ ಆಡಿಸಿದ: ಬುಡು. ಅಂದು ಅವನ ಬಾಯಿ ಮುಚ್ಚಿಸಿದವರು ಏನು ಮಾಡಿದ್ದರೋ ನಾನೂ ಅದನ್ನೇ ಮಾಡಿದ್ದೆ, ಪೈಪಿನ ಸುಳ್ಳನ್ನೂ ಬಿಡದೆ. ಹಾಗಂತ ಆ ಚಪ್ಪಲಿ ಬಿಡದವನ ಮುಂದೆ ಸಾಯುತ್ತಿರುವ ಅಪ್ಪನನ್ನು ನಿಲ್ಲಿಸಿ, ಇವನೇ ಹಾಳು ಮಾಡಿದ್ದು ಅನ್ನಲು ನನ್ನಿಂದ ಆಗುತ್ತಿರಲಿಲ್ಲ. ಇವತ್ತು ಬಂದು ಕೇಳಿದರೂ ಆಗುವುದಿಲ್ಲ. ಎರಡೂ ನಿಜ, ಎರಡನ್ನೂ ಹೊತ್ತುಕೊಂಡೇ ಇದ್ದೇನೆ.

ಹೊಟ್ಟೆಪಾಡು ಕೇಳುವುದಿಲ್ಲವಲ್ಲ. ಅಟ್ಟದ ಮೇಲಿದ್ದ ಹಳೇ ಕಾರ್ಡು, ಹಳೇ ಫ್ಯಾನುಗಳನ್ನೇ ತಂದು ಜೋಡಿಸಿದೆ. ನೀರಿನ ಸಾಮಾನನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಬಚ್ಚಲ ಮೂಲೆಗೆ ಎಸೆದೆ. ಹೆಮ್ಮಿಗೆಯ ಮದುವೆಯನ್ನು ಮತ್ತೆ ರೆಂಡರ್‌ಗೆ ಹಾಕಿದೆ. ಅಕ್ಕಿ ಗಿರಣಿ ಶುರುವಾಯಿತು.

ಆಗ ನೋಡಿದೆ. ರೆಂಡರ್ ಆಗುವಾಗ ತೆರೆಯ ಬಹುಭಾಗ ಕಪ್ಪಗಿರುತ್ತದೆ, ಹಿಂದಿರುವುದೆಲ್ಲ ಅದರಲ್ಲಿ ಕಾಣುತ್ತದೆ. ಮಂಚ ಕಾಣುತ್ತಿತ್ತು. ಅಪ್ಪ ಸೂರು ನೋಡುತ್ತ ಮಲಗಿದ್ದ, ಅವನ ತುಟಿ ಆಡುತ್ತಿತ್ತು. ಸುಮ್ಮನೆ ಅದುರುವುದಲ್ಲ. ಮಾತಾಡುತ್ತಿದ್ದ, ನಿಲ್ಲಿಸಿ, ಉಸಿರು ತೆಗೆದುಕೊಂಡು, ಮತ್ತೆ ಮುಂದುವರಿಸುತ್ತಿದ್ದ, ಎದುರಿಗೆ ಕೂತವರಿಗೆ ವಿಷಯ ತಿಳಿಸಿ ಹೇಳುವವರ ಹಾಗೆ. ನಾನು ತಟ್ಟನೆ ರೆಂಡರ್ ನಿಲ್ಲಿಸಿದೆ. ಫ್ಯಾನು ಇಳಿಯಿತು. ಅಪ್ಪನ ತುಟಿ ನಿಂತಿತು.

ಮತ್ತೆ ಹಾಕಿದೆ. ಸ್ವಲ್ಪ ಹೊತ್ತಿಗೆ ತುಟಿ ಮತ್ತೆ ಆಡತೊಡಗಿತು.

ಆ ಗಲಾಟೆಯಲ್ಲಿ ನನಗೆ ಕೇಳಿಸುವುದಿಲ್ಲವೆಂದು ಅವನಿಗೆ ಧೈರ್ಯ. ಯಾರೂ ತಡೆಯುವುದಿಲ್ಲ, ಯಾರೂ ಲೋಟ ಹಿಡಿದುಕೊಂಡು ಬರುವುದಿಲ್ಲ. ಮಜ್ಜಿಗೆ ಕೊಟ್ಟ ಆ ತಾಯಿಗೆ ಹೇಳುತ್ತಿದ್ದನೋ, ಅವ್ವನಿಗೋ, ನನಗೋ ತಿಳಿಯಲಿಲ್ಲ. ಫೋನ್ ಇಟ್ಟು ರೆಕಾರ್ಡ್ ಮಾಡಬಹುದಿತ್ತು, ಮನಸ್ಸು ಬರಲಿಲ್ಲ. ಆಮೇಲೆ ನನಗೆ ಕೆಲಸ ಇರಲಿ ಬಿಡಲಿ, ಮಧ್ಯಾಹ್ನ ಊಟವಾದ ಮೇಲೆ ಯಾವುದಾದರೂ ಹಳೇ ಮದುವೆಯನ್ನು ರೆಂಡರ್‌ಗೆ ಹಾಕಿ, ಅಪ್ಪನ ಕಡೆ ಬೆನ್ನು ಮಾಡಿ ಕೂರುತ್ತಿದ್ದೆ. ಕೇಳಬೇಕೆಂದು ಅಷ್ಟೆಲ್ಲ ಒದ್ದಾಡಿದವಳು, ಕೇಳಿಸದಿರಲಿ ಎಂದು ಗಿರಣಿ ಹಾಕಿಕೊಂಡು ಕೂರುತ್ತಿದ್ದೆ. ಕಪ್ಪು ತೆರೆಯಲ್ಲಿ ಅಪ್ಪ ಮಾತಾಡುತ್ತಿದ್ದ.

ಒಂದು ಮಧ್ಯಾಹ್ನ ಹಾಗೇ ಕೂತಿದ್ದೆ. ಯಾರದೋ ಧಾರೆ, ಯಾರದೋ ಅರಿಶಿನ, ಫ್ಯಾನುಗಳ ಅಬ್ಬರ. ತೆರೆಯಲ್ಲಿ ಅಪ್ಪನ ತುಟಿ ಆಡುತ್ತಿತ್ತು. ಉಸಿರಿಗೆ ನಿಲ್ಲಿಸಿದ. ಮುಂದುವರಿಸುತ್ತಾನೆಂದು ಕಾದೆ. ಬಾಯಿ ಅರ್ಧ ತೆರೆದಿತ್ತು. ಇನ್ನೂ ಕಾದೆ.

ಕೈ ಚಾಚಿ ಯಂತ್ರ ಆರಿಸಿದೆ. ಫ್ಯಾನುಗಳು ಒಂದೊಂದಾಗಿ ನಿಂತವು. ಮನೆಯೊಳಗೆ ಒಂದು ಸೂಜಿ ಬಿದ್ದರೂ ಕೇಳಿಸುತ್ತಿತ್ತು, ಅಪ್ಪನ ಉಸಿರು ಕೇಳಿಸಲಿಲ್ಲ.

ತಿರುಗಿದೆ. "ಏನಪ್ಪ? ಏನಂದೆ?" ಅಂದೆ.